ಚರ್ಮದ ಪಟ್ಟಿಗೆ ತೀಡಿದ ಮೇಲೆ ಚಾಕು ನಿಜಕ್ಕೂ ಹರಿತ ಆಗಿದೆಯಾ? ಅಳೆಯೋದು ಹೇಗೆ?

ಮೊಂಡುಬಾಯಿ: ಅಡುಗೆಮನೆಯ ಸ್ಟೀಲ್ ಚಾಕು. 1000 ಗ್ರಿಟ್ (ಕಲ್ಲಿನ ನುಣುಪಿನ ಅಂಕಿ) ಕಲ್ಲಲ್ಲಿ ಮಸೆದು, ಹೊಳಪು ಕೊಡೋ ಹಸಿರು ಪೇಸ್ಟ್ ಹಚ್ಚಿದ ಚರ್ಮದ ಮೇಲೆ ಪ್ರತಿ ಬದಿ 30 ಸಲ ಎಳೆದಾಗಿದೆ. ಪೇಪರ್ ಸಲೀಸಾಗಿ ಸೀಳುತ್ತೆ, ಟೊಮೆಟೊ ಸಿಪ್ಪೆ ಮೇಲೆ ಜಾರುತ್ತೆ. ಕಲ್ಲಿನ ಪಾಲೆಷ್ಟು, ಚರ್ಮದ ಪಾಲೆಷ್ಟು ಅಂತ ಮನೇಲೇ ಅಳೆಯಬಹುದಾ?

ಸಾಣೆಕಲ್ಲು: ಅಳೆಯಬಹುದು. ದಾರ ತುಂಡಾಗೋಕೆ ಎಷ್ಟು ಗ್ರಾಂ ಒತ್ತಡ ಬೇಕು ನೋಡಿ, ಕಡಿಮೆ ಇದ್ದಷ್ಟೂ ಹರಿತ. ಅಲಗಿನ ಹರಿತಕ್ಕೆ ಅಂಕಿ ಕೊಡೋ ಬೆಸ್ (BESS) ಮಾಪನದ ತತ್ವವೂ ಇದೇ. ಅದರಲ್ಲಿ ಹೊಸ ಶೇವಿಂಗ್ ಬ್ಲೇಡ್ ಸುಮಾರು 50ಕ್ಕೆ ಬರುತ್ತೆ. ಹೊಲಿಗೆ ದಾರಕ್ಕೆ ಆ ಅಂಕಿ ಹೊಂದಲ್ಲ, ಹಾಗಾಗಿ ಮೊದಲು ಹೊಸ ಬ್ಲೇಡ್ ಒಂದನ್ನ ಅಳೆದು ಅದನ್ನೇ ಆಧಾರ ಮಾಡ್ಕೊಳ್ಳಿ.

ಡಿಜಿಟಲ್ ತಕ್ಕಡಿ ಮೇಲೆ ಮರಳು ತುಂಬಿದ ಎರಡು ಲೋಟ, ನಡುವೆ 3 ಸೆಂ.ಮೀ. ಜಾಗ. ದಾರವನ್ನ ಎರಡೂ ಲೋಟದ ಮೇಲೆ ಹಾಯಿಸಿ, ಒಂದು ತುದಿ ಲೋಟಕ್ಕೆ ಟೇಪಿನಿಂದ ಅಂಟಿಸಿ, ಇನ್ನೊಂದಕ್ಕೆ 50 ಗ್ರಾಂ ನಟ್ ಇಳಿಬಿಡಿ. ನಟ್ ಎಲ್ಲೂ ತಾಗಬಾರದು. ತಕ್ಕಡಿಯನ್ನ ಸೊನ್ನೆಗೆ ತಂದು, ನಡುವಿನ ಜಾಗದಲ್ಲಿ ದಾರದ ಮೇಲೆ ಅಲಗನ್ನ ನೇರ ಕೆಳಗೆ ಒತ್ತಿ. ಚೂರು ಎಳೆದರೂ ಅಂಕಿ ಸುಳ್ಳು. ದಾರ ಹರಿದ ಕ್ಷಣ ನಟ್ ಬೀಳುತ್ತೆ, ಅಂಕಿ ಕಣ್ಣಿಗೆ ಸಿಗಲ್ಲ. ಮೊಬೈಲಲ್ಲಿ ವಿಡಿಯೊ ಇರಲಿ.

ಅಲಗು_ಅಂಚು: ಮೇಲಿನದಕ್ಕೆ ಒಂದು ಸೇರ್ಪಡೆ. ಮೂರು ಸಲ ಅಳೆಯಿರಿ: ಕಲ್ಲು ಮುಗಿದಾಗ, ಚರ್ಮ ಮುಗಿದಾಗ, ಆಮೇಲೆ ಮರದ ಮಣೆ ಮೇಲೆ 20 ಸಲ ಹಗುರವಾಗಿ ಕೊಯ್ದಾದ ಮೇಲೆ. ಮಾರ್ಕರಲ್ಲಿ ಗುರುತು ಹಾಕಿದ ಜಾಗದಲ್ಲೇ ಐದೈದು ಸಲ ಅಳೆದು ನಡುವಿನ ಅಂಕಿ ಇಟ್ಕೊಳ್ಳಿ.

ಮೂರನೇದೇ ಅಸಲಿ ಪರೀಕ್ಷೆ. ಮಸೆದಾಗ ಅಂಚಲ್ಲಿ ತೆಳು ಲೋಹದ ಎಳೆ ಏಳುತ್ತೆ, ಅದೇ ಬರ್. ಚರ್ಮ ಅದನ್ನ ಕೀಳದೆ ಬರೀ ನೆಟ್ಟಗೆ ನಿಲ್ಲಿಸಿದ್ದರೆ ಎರಡನೇ ಅಂಕಿ ಚೆನ್ನಾಗಿ ಇಳಿಯುತ್ತೆ, ಮಣೆಗೆ ತಾಗಿದೊಡನೆ ಬರ್ ಮಡಚಿ ಅಂಕಿ ಮತ್ತೆ ಏರುತ್ತೆ. ಹಾಗಾದರೆ ಕಲ್ಲಿಗೇ ವಾಪಸ್ ಹೋಗಿ, ಬದಿ ಬದಲಿಸುತ್ತಾ ಚಾಕುವಿನ ಭಾರವಷ್ಟೇ ಬಿಟ್ಟು ಹತ್ತು ಸಲ ಎಳೆಯಿರಿ.

ಎರಡನೇ ಅಂಕಿಯೇ ಏರಿದ್ದರೆ ತಪ್ಪು ಕೈಯದ್ದು. ಒತ್ತಿದಾಗ ಚರ್ಮ ತಗ್ಗಿ ಅಂಚನ್ನ ಸುತ್ತಿಕೊಳ್ಳುತ್ತೆ. ಎಳೆತದ ಕೊನೇಲಿ ಬೆನ್ನು ಎತ್ತಿದರೂ ಅಂಚು ದುಂಡಾಗುತ್ತೆ. 30 ಜಾಸ್ತಿಯಾಯ್ತು, ಬದಿಗೆ 6-8 ಸಾಕು. ಬೆನ್ನು ಮುಂದೆ, ಬಾಯಿ ಹಿಂದೆ.

ಮೊಂಡುಬಾಯಿ: ಮೂರನೇ ಅಂಕಿಯೂ ಏರಿಲ್ಲ. ಟೊಮೆಟೊ ಮಾತ್ರ ಹಾಗೇ ಜಾರ್ತಿದೆ!

ಸಾಣೆಕಲ್ಲು: ದಾರ ಒತ್ತುವ ಹರಿತ ಅಳೆಯುತ್ತೆ, ಎಳೆದು ಕೊಯ್ಯೋದನ್ನಲ್ಲ. ಸಿಪ್ಪೆ ಹಿಡಿಯೋಕೆ ಕಲ್ಲಿನ ಸಣ್ಣ ಹಲ್ಲು ಬೇಕು, ಪೇಸ್ಟು ಅದನ್ನ ನುಣುಪು ಮಾಡಿದೆ. 1000ದಲ್ಲಿ ಬದಿಗೆ 4 ಹಗುರ ಎಳೆತ, ಆಮೇಲೆ ಪೇಸ್ಟ್ ಇಲ್ಲದ ಚರ್ಮದಲ್ಲಿ 4.