ಬಿಟ್‌ಲಾಕರ್ ಬೀಗ ಬಿದ್ದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮರುಸ್ಥಾಪನೆ

ಪ್ರಶ್ನೆ: ಕೆಟ್ಟುಹೋದ ಮದರ್‌ಬೋರ್ಡ್ ಬದಲಿಸಿದ ದಿನದಿಂದ ನನ್ನ ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ, 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತಿದೆ. ನಾನಾಗಿ ಯಾವ ಬೀಗವನ್ನೂ ಹಾಕಿಲ್ಲ. ಸಿ ಡ್ರೈವ್ ಅಳಿಸಿ ವಿಂಡೋಸ್ 11 ಹೊಸದಾಗಿ ಹಾಕಿದರೆ ಸಾಕು, ಡಿ ಡ್ರೈವಿಗೆ ಏನೂ ಆಗುವುದಿಲ್ಲ ಎಂದು ರಿಪೇರಿಯವರು ಹೇಳುತ್ತಾರೆ. ಹಲವು ವರ್ಷಗಳ ಲೆಕ್ಕಪತ್ರಗಳೆಲ್ಲ ಡಿ ಡ್ರೈವಿನಲ್ಲೇ ಇವೆ. ಹಾಗೆ ಮಾಡಬಹುದೇ?

ಉತ್ತರ: ಸದ್ಯಕ್ಕೆ ಏನನ್ನೂ ಅಳಿಸಬೇಡಿ. ಅವರು ಹೇಳಿದ್ದು ಅರ್ಧ ನಿಜ: ಸಿ ಡ್ರೈವ್ ಅಳಿಸಿ ವಿಂಡೋಸ್ ಹಾಕಲು ಯಾವ ಕೀಯೂ ಬೇಕಿಲ್ಲ, ಡಿ ಡ್ರೈವಿನ ಕಡತಗಳೂ ಅಳಿಯುವುದಿಲ್ಲ, ಆದರೆ ಅವು ತೆರೆಯುವುದೂ ಇಲ್ಲ.

ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಸದ್ದಿಲ್ಲದೆ ಬಿಟ್‌ಲಾಕರ್ ಎಂಬ ತನ್ನ ಬೀಗದಿಂದ ಡ್ರೈವುಗಳನ್ನು ಎನ್‌ಕ್ರಿಪ್ಟ್ ಮಾಡಿ (ಅಂದರೆ ಕೀ ಇಲ್ಲದೆ ಓದಲಾಗದಂತೆ ಮಾಡಿ), ಸಿ ಡ್ರೈವಿನ ಬೀಗವನ್ನು ಯಂತ್ರದ ಟಿಪಿಎಂ ಎಂಬ ಭದ್ರತಾ ಘಟಕಕ್ಕೆ ಒಪ್ಪಿಸಿರುತ್ತದೆ. ಮದರ್‌ಬೋರ್ಡ್ ಬದಲಾದಾಗ ಆ ಟಿಪಿಎಂ ಕೂಡ ಹೋಯಿತು. ಡಿ ಡ್ರೈವ್ ಇಷ್ಟು ದಿನ ತಾನಾಗಿ ತೆರೆಯುತ್ತಿದ್ದುದು, ಅದನ್ನು ತೆರೆಯುವ ಕೀಲಿಯನ್ನು ವಿಂಡೋಸ್ ಸಿ ಡ್ರೈವಿನೊಳಗೆ ಇಟ್ಟುಕೊಂಡಿದ್ದರಿಂದ. ಸಿ ಅಳಿಸಿದರೆ ಆ ಕೀಲಿಯೂ ಹೋಗುತ್ತದೆ; ಆಮೇಲೆ ಡಿ ತನ್ನದೇ ಪ್ರತ್ಯೇಕ ರಿಕವರಿ ಕೀ ಕೇಳುತ್ತದೆ.

ಆದ್ದರಿಂದ ಮೊದಲು ಮೊಬೈಲಿನಲ್ಲಿ ಮೈಕ್ರೋಸಾಫ್ಟ್ ಖಾತೆ ತೆರೆದು, ಸಾಧನಗಳ ವಿಭಾಗದಲ್ಲಿ ರಿಕವರಿ ಕೀಗಳನ್ನು ನೋಡಿ. ಲ್ಯಾಪ್‌ಟಾಪ್ ಕೊಂಡಾಗ ಮಗನೋ ಮಗಳೋ ತಮ್ಮ ಖಾತೆಯಿಂದ ಸಿದ್ಧಪಡಿಸಿಕೊಟ್ಟಿದ್ದರೆ ಅವರ ಖಾತೆಯಲ್ಲೂ ಹುಡುಕಿಸಿ. ನನ್ನ ಅನುಭವದಲ್ಲಿ ಕೀ ಸಿಗುವುದು ಹೆಚ್ಚಾಗಿ ಅಲ್ಲಿಯೇ. ನೀಲಿ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ 8 ಅಕ್ಷರಗಳನ್ನು ಖಾತೆಯಲ್ಲಿರುವ ಐಡಿಯೊಂದಿಗೆ ಹೋಲಿಸಿ, ಹೊಂದುವ ಕೀ ನಮೂದಿಸಿದರೆ ಹಳೆಯ ವಿಂಡೋಸೇ ತೆರೆದುಕೊಳ್ಳುತ್ತದೆ. ಮರುಸ್ಥಾಪನೆಯ ಅಗತ್ಯವೇ ಬಾರದಿರಬಹುದು. ಪ್ರತಿ ಸಲವೂ ಕೀ ಕೇಳುತ್ತಿದ್ದರೆ, ಬಿಟ್‌ಲಾಕರ್ ರಕ್ಷಣೆಯನ್ನು ಒಮ್ಮೆ ತಡೆಹಿಡಿದು ಮತ್ತೆ ಚಾಲೂ ಮಾಡಿ.

ಕೀ ಎಲ್ಲಿಯೂ ಸಿಗದಿದ್ದರೆ ಆ ಕಡತಗಳನ್ನು ಯಾವ ಅಂಗಡಿಯವರೂ ತೆಗೆದುಕೊಡಲಾರರು. ಆಗಲೂ ಹಳೆಯ ಡಿಸ್ಕನ್ನು (ಎಸ್‌ಎಸ್‌ಡಿ) ಮುಟ್ಟದೆ ಎತ್ತಿಟ್ಟು, ಹೊಸದೊಂದರಲ್ಲಿ ವಿಂಡೋಸ್ ಹಾಕಿಸುವುದೇ ಲೇಸು. ಕೀ ಎಂದಾದರೂ ಸಿಗಬಹುದು.

ಮರುಪ್ರಶ್ನೆ: ಮಗಳ ಖಾತೆಯಲ್ಲಿ ಎರಡು ಕೀಗಳಿದ್ದವು, ವಿಂಡೋಸ್ ತೆರೆಯಿತು. ಲೆಕ್ಕಪತ್ರಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. ಇನ್ನು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕೋಣವೆಂದರೆ ಇನ್‌ಸ್ಟಾಲರಿನಲ್ಲಿ ಡಿಸ್ಕೇ ಕಾಣುತ್ತಿಲ್ಲ. ಇದಕ್ಕೂ ಎನ್‌ಕ್ರಿಪ್ಷನ್ ಕಾರಣವೇ?

ಉತ್ತರ: ಅಲ್ಲ. ಬೀಗ ಬಿದ್ದ ಡಿಸ್ಕೂ ಇನ್‌ಸ್ಟಾಲರಿಗೆ ಕಾಣುತ್ತದೆ, ಒಳಗಿರುವುದು ಮಾತ್ರ ಓದಲು ಬರುವುದಿಲ್ಲ. ಇಂಟೆಲ್ 11ನೇ ತಲೆಮಾರಿನ ಮತ್ತು ನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುತ್ತದೆ. ತಯಾರಕರ ಜಾಲತಾಣದಿಂದ ಅದರ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಇನ್‌ಸ್ಟಾಲರಿನ ‘ಲೋಡ್ ಡ್ರೈವರ್’ ಮೂಲಕ ತೋರಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಪೆನ್‌ಡ್ರೈವ್ ಹಾಗೂ ಹೊರಗಿನ ಡಿಸ್ಕನ್ನು ತಪ್ಪಿಯೂ ಆರಿಸದೆ, ಒಳಗಿನ ಡಿಸ್ಕಿನ ಪಾರ್ಟಿಷನ್‌ಗಳನ್ನಷ್ಟೇ ಅಳಿಸಿ ಮುಂದುವರಿಯಿರಿ. ನಕಲು ಮಾಡಿದ ಕಡತಗಳು ಬೇರೊಂದು ಯಂತ್ರದಲ್ಲಿ ತೆರೆಯುತ್ತವೆಯೇ ಎಂದು ಅದಕ್ಕೂ ಮೊದಲು ನೋಡಿಕೊಳ್ಳಿ.

ವಿಂಡೋಸ್ 11ರ 2024ರ 24ಎಚ್2 ಆವೃತ್ತಿಯಿಂದೀಚೆಗೆ ಹೊಸದಾಗಿ ಹಾಕಿದ ವಿಂಡೋಸ್ ಮತ್ತಷ್ಟು ಯಂತ್ರಗಳಲ್ಲಿ ಹೀಗೆ ತಾನಾಗಿ ಎನ್‌ಕ್ರಿಪ್ಟ್ ಮಾಡುತ್ತದೆ. ಹಳೆಯ ಕೀಗಳು ಅದಕ್ಕೆ ಹೊಂದುವುದಿಲ್ಲವಾದ್ದರಿಂದ, ಈ ಸಲ ನಿಮ್ಮದೇ ಖಾತೆಯಿಂದ ಲಾಗಿನ್ ಆಗಿ, ಹೊಸ ಕೀಯನ್ನು ಕಾಗದದಲ್ಲಿಯೂ ಬರೆದಿಟ್ಟುಕೊಳ್ಳಿ.