ಮೊಟ್ಟೆ ಫ್ರಿಡ್ಜ್‌ನಲ್ಲೋ ಹೊರಗೋ? ಮುಂಬೈ-ಪುಣೆ-ಗೋವಾ ಕನ್ನಡಿಗರ ಗುಂಪಿನಲ್ಲಿ ನಡೆದ ಮಾತು

ಡೊಂಬಿವಿಲಿಯಿಂದ ಪ್ರಶ್ನೆ: ಅಂಗಡಿಯವರು ಮೊಟ್ಟೆ ಹೊರಗೇ ಇಟ್ಟಿರ್ತಾರೆ, ನಾವು ತಂದು ಫ್ರಿಡ್ಜ್‌ಗೆ ತುಂಬ್ತೀವಿ. ಲಂಡನ್ನಿನಲ್ಲಿರೋ ನಾದಿನಿ ಹೊರಗಿಟ್ರೆ ಸಾಕು ಅಂತಾರೆ. ಮನೇಲಿ ಎರಡು ವರ್ಷದ ಮಗು ಇದೆ. ಯಾವುದು ಸರಿ?

ಮಾಟುಂಗಾದಿಂದ: ಇಲ್ಲಿಯ ಸೆಕೆಗೆ, ಅದೂ ಮಗು ಇರೋ ಮನೆಗೆ, ಫ್ರಿಡ್ಜೇ ಸರಿ ಅಕ್ಕ. ನಾದಿನಿ ಹೇಳಿದ್ದು ಅವರ ಊರಲ್ಲಿ ನಡೆಯಬಹುದು. ಬ್ರಿಟನ್ನಿನಲ್ಲಿ 1990ರ ದಶಕದಿಂದ ಕೋಳಿಗಳಿಗೆ ಸಾಲ್ಮೊನೆಲ್ಲಾ (ವಾಂತಿ-ಭೇದಿ ತರೋ ಬ್ಯಾಕ್ಟೀರಿಯಾ) ತಡೆಯೋ ಲಸಿಕೆ ಹಾಕ್ತಾ ಬಂದಿದ್ದಾರೆ, ಮೊಟ್ಟೆಯನ್ನು ತೊಳೆಯದೆ ಮಾರ್ತಾರೆ, ಹವೆಯೂ ತಂಪು. ಅಮೆರಿಕದಲ್ಲಿ ತೊಳೆದು ಮಾರ್ತಾರೆ. ತೊಳೆದಾಗ ಚಿಪ್ಪಿನ ಮೇಲಿನ ತೆಳು ಪೊರೆ ಹೋಗುತ್ತೆ, ಸಾವಿರಾರು ಸಣ್ಣ ರಂಧ್ರಗಳು ತೆರೆದುಕೊಳ್ತವೆ. ಅದಕ್ಕೇ ಅಲ್ಲಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ನೊಳಗೆ ಇಡಬೇಕೆಂಬ ನಿಯಮ. ನಮ್ಮ ಕಿರಾಣಿ ಅಂಗಡಿಯ ಟ್ರೇ ಮೊಟ್ಟೆಗೆ ಲಸಿಕೆಯ ಖಾತರಿಯೂ ಇಲ್ಲ, ಎಷ್ಟು ದಿನದ್ದೆಂದೂ ತಿಳಿಯಲ್ಲ.

ಸೆಕೆ ಕೆಡಿಸೋದು ಹೇಗೆ ಅಂದ್ರೆ, ಬಿಳಿ ಭಾಗದಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯಲ್ಲ. ಅದನ್ನು ತಡೆಯೋ ಲೈಸೋಜೈಮ್ ಅಲ್ಲಿದೆ, ಬ್ಯಾಕ್ಟೀರಿಯಾಕ್ಕೆ ಬೇಕಾದ ಕಬ್ಬಿಣವನ್ನು ಸಿಗದಂತೆ ಹಿಡಿದಿಡೋ ಪ್ರೋಟೀನೂ ಇದೆ. ಆದರೆ ಹಳದಿಯ ಸುತ್ತಲಿನ ಪೊರೆ ಬಿಸಿಗೆ ಬೇಗ ಸಡಿಲ ಆಗುತ್ತೆ. ಹಳದಿಯ ಸತ್ವ ಬಿಳಿಗೆ ಸೋರಿದರೆ ಒಳಗಿರೋ ಸಾಲ್ಮೊನೆಲ್ಲಾಗೆ ಆಹಾರ ಸಿಕ್ಕ ಹಾಗೆ. ಮೇ ತಿಂಗಳ ನಮ್ಮ ಅಡುಗೆಮನೆಯಲ್ಲಿ ಇದು ದಿನಗಳಲ್ಲೇ ಆಗಬಹುದು. 4 ಡಿಗ್ರಿಯಲ್ಲಿ ಆ ಬೆಳವಣಿಗೆ ನಿಂತೇ ಹೋಗುತ್ತೆ. ಹಾಗಂತ ಫ್ರಿಡ್ಜ್ ಸಾಲ್ಮೊನೆಲ್ಲಾವನ್ನು ಕೊಲ್ಲಲ್ಲ. ಮಗುವಿಗೆ ಹಳದಿ ಪೂರ್ತಿ ಗಟ್ಟಿಯಾಗೋವರೆಗೆ ಬೇಯಿಸಿಯೇ ಕೊಡಿ. ಹಾಫ್ ಬಾಯಿಲ್ ಬೇಡವೇ ಬೇಡ.

ಇಡೋದು ಹೀಗೆ: ಬಾಗಿಲಿನ ಗುಳಿಗಳಲ್ಲಿ ಬೇಡ, ತೆರೆದಾಗಲೆಲ್ಲ ಬಿಸಿಗಾಳಿ ತಾಗೋದು ಅಲ್ಲೇ. ಮುಚ್ಚಳದ ಡಬ್ಬಿಯಲ್ಲಿ, ಚೂಪು ತುದಿ ಕೆಳಗೆ ಮಾಡಿ, ನಡುವಿನ ಹಲಗೆಯ ಹಿಂಬದಿಗೆ ಇಡಿ. ಅಗಲ ತುದಿಯಲ್ಲಿ ಗಾಳಿಗೂಡು ಇರೋದರಿಂದ ಅದು ಮೇಲಿದ್ದರೆ ಹಳದಿ ನಡುವೆ ನಿಲ್ಲುತ್ತೆ. ಹಿಕ್ಕೆ ಅಂಟಿದ್ದರೆ ಒಣಬಟ್ಟೆಯಿಂದ ಒರೆಸಿ. ನಲ್ಲಿಯ ತಣ್ಣೀರಿನಲ್ಲಿ ತೊಳೆದರೆ ಒಳಗಿನದು ಕುಗ್ಗಿ, ಕೊಳೆನೀರನ್ನು ರಂಧ್ರಗಳ ಮೂಲಕ ಎಳೆದುಕೊಳ್ಳುತ್ತೆ. ತೊಳೆಯಲೇಬೇಕಾದರೆ ಒಡೆಯೋ ಮುಂಚೆ, ಉಗುರುಬೆಚ್ಚಗಿನ ನೀರಲ್ಲಿ. ತಂದ ದಿನವೇ ಡಬ್ಬಿಯ ಮೇಲೆ ದಿನಾಂಕ ಬರೆದು ಮೂರು ವಾರದೊಳಗೆ ಮುಗಿಸಿ.

ಪುಣೆ, ನಿಗಡಿಯಿಂದ: ನೀರಲ್ಲಿ ತೇಲಿಸಿ ನೋಡೋ ಪರೀಕ್ಷೆಯನ್ನು ಬಹಳ ಜನ ನಂಬ್ತಾರೆ. ಅದು ಹೇಳೋದು ವಯಸ್ಸು ಮಾತ್ರ. ತೇವ ಆರಿ ಗಾಳಿಗೂಡು ದೊಡ್ಡದಾದಂತೆ ಮೊಟ್ಟೆ ಮೊದಲು ನೆಟ್ಟಗೆ ನಿಲ್ಲುತ್ತೆ, ಆಮೇಲೆ ತೇಲುತ್ತೆ. ಮುಳುಗಿದ ಮೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು, ಅದಕ್ಕೆ ವಾಸನೆಯೂ ಇರಲ್ಲ. ಬಿರುಕು ಬಿಟ್ಟದ್ದನ್ನು ಕೊಳ್ಳಲೇಬೇಡಿ.

ಪಿಜಿಯಲ್ಲಿ ಫ್ರಿಡ್ಜ್ ಇಲ್ಲದ ಹುಡುಗರು 30ರ ಟ್ರೇ ಅಗ್ಗ ಅಂತ ತರಬೇಡ್ರಪ್ಪ. ನಾಲ್ಕೋ ಆರೋ ತಂದು, ಗ್ಯಾಸ್ ಒಲೆ, ಕಿಟಕಿ ಬಿಸಿಲಿಂದ ದೂರ ಇಟ್ಟು, ಏಪ್ರಿಲ್-ಮೇನಲ್ಲಿ ಎರಡು ಮೂರು ದಿನದಲ್ಲಿ ಮುಗಿಸಿ. ಡಿಸೆಂಬರ್ ಚಳಿಯಲ್ಲಿ ವಾರ ಇಡಬಹುದು. ಗಾವರಾನ್ ಅಂತ ಮಾರೋ ಜವಾರಿ ತತ್ತಿಗೂ ಇದೇ ಮಾತು.

ಮಡಗಾಂವ್‌ನಿಂದ: ಕೇಕಿಗೆ ಅಂತ ಹೊರಗೆ ತೆಗೆದ ಮೊಟ್ಟೆ ಗೋವಾದ ಮಳೆಗಾಲದಲ್ಲಿ ನಿಮಿಷದಲ್ಲೇ ಬೆವರುತ್ತೆ. ಆ ತೇವದಲ್ಲಿ ಚಿಪ್ಪಿನ ಮೇಲಿನ ಬ್ಯಾಕ್ಟೀರಿಯಾ ಒಳಗೆ ಹೋಗೋದು ಸುಲಭ. ಬೇಕಾದಷ್ಟೇ ಅರ್ಧ ಗಂಟೆ ಮುಂಚೆ ತೆಗೆದು, ಒರೆಸಿ, ಎರಡು ಗಂಟೆಯೊಳಗೆ ಬಳಸಿ. ಹೊರಗೆ, ಒಳಗೆ ಅಂತ ಓಡಾಡಿಸೋದೇ ಎಲ್ಲಕ್ಕಿಂತ ಕೆಟ್ಟದ್ದು. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ನಾಲ್ಕು ಗಂಟೆ ತಂಪು ಉಳಿಯುತ್ತೆ.

ಡೊಂಬಿವಿಲಿಯಿಂದ: ತುಂಬಾ ಥ್ಯಾಂಕ್ಸ್. ದೊಡ್ಡವಳ ಟಿಫಿನ್ನಿಗೆ ಬೇಯಿಸಿದ ಮೊಟ್ಟೆ ಹಾಕಬಹುದಾ?

ಮಾಟುಂಗಾದಿಂದ: ಮೊದಲ ಬಿಡುವಿನಲ್ಲೇ ತಿಂತಾಳೆ ಅಂದ್ರೆ ಹಾಕಿ. ಬೇಯಿಸಿದ್ದು ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು, 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಬೇಯಿಸಿದಾಗ ಚಿಪ್ಪಿನ ಮೇಲಿನ ಆ ತೆಳು ಪೊರೆ ಹೋಗಿರುತ್ತೆ, ಹಸಿ ಮೊಟ್ಟೆಗಿಂತ ಇದೇ ಬೇಗ ಕೆಡೋದು. ರಾತ್ರಿಯೇ ಬೇಯಿಸಿ, ಆರಿಸಿ, ಚಿಪ್ಪು ಸಮೇತ ಫ್ರಿಡ್ಜ್‌ನಲ್ಲಿಡಿ, ವಾರದವರೆಗೆ ಇರುತ್ತೆ. ಬೆಳಿಗ್ಗೆ ತಣ್ಣಗಿದ್ದಾಗಲೇ ಸುಲಿದು, ಪಕ್ಕದಲ್ಲಿ ಐಸ್ ಪ್ಯಾಕ್ ಇಟ್ಟು ಕಳಿಸಿ. ಬಿಸಿ ಉಪ್ಪಿಟ್ಟಿನ ಡಬ್ಬಿಗೆ ತಾಗಿಸಿ ಇಡಬೇಡಿ.