ಅಲೆಕ್ಸ್ ಕಾಲ್ವಿಲ್: ನಲವತ್ತು ದಾಟಿದ ಮೇಲೆ ಬಂದ ಮನ್ನಣೆಗೆ ಕಾರಣವೇನು?

ಪ್ರಶ್ನೆ: ಕುಂಚಪ್ರಿಯ

ಎಲ್ಲರಿಗೂ ನಮಸ್ಕಾರ. ಕೆನಡಾದ ವಾಸ್ತವವಾದಿ ಚಿತ್ರಕಾರ ಅಲೆಕ್ಸ್ ಕಾಲ್ವಿಲ್ (1920–2013) ಅವರ ಕೃತಿಗಳನ್ನು ಕೆಲವು ತಿಂಗಳುಗಳಿಂದ ಕಾಲಾನುಕ್ರಮದಲ್ಲಿ ನೋಡುತ್ತಾ ಬಂದಿದ್ದೇನೆ. ಎರಡನೇ ಮಹಾಯುದ್ಧದಿಂದ ಮರಳಿದ ಅವರು 1946ರಲ್ಲಿ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಸ್ಯಾಕ್‌ವಿಲ್ ಎಂಬ ಸಣ್ಣ ಊರಿನ ಮೌಂಟ್ ಆಲಿಸನ್ ವಿಶ್ವವಿದ್ಯಾಲಯದಲ್ಲಿ, ಅಂದರೆ ತಾವು ಓದಿದ ಕಡೆಯಲ್ಲಿಯೇ, ಅಧ್ಯಾಪಕರಾಗಿ ಸೇರಿದರು ಮತ್ತು 1963ರವರೆಗೆ ಅಲ್ಲಿಯೇ ಪಾಠ ಹೇಳಿದರು. ಕೆಲಸ ಬಿಟ್ಟು ಮೂರು ವರ್ಷ ಕಳೆಯುವುದರೊಳಗೆ, 1966ರಲ್ಲಿ, ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ ಕೆನಡಾವನ್ನು ಪ್ರತಿನಿಧಿಸಿದ ಮೂವರು ಕಲಾವಿದರಲ್ಲಿ ಅವರೊಬ್ಬರಾಗಿದ್ದರು. ಮರುವರ್ಷ ದೇಶದ ಶತಮಾನೋತ್ಸವದ ನಾಣ್ಯಗಳ ಮೇಲೆ ಅವರ ಚಿತ್ರಗಳು ಬಂದವು.

ನನಗೆ ಅರ್ಥವಾಗದಿರುವುದು ಇದು. ವಸ್ತುಗಳ ರೂಪವನ್ನು ಬಿಟ್ಟು ಬಣ್ಣ, ಗೆರೆಗಳಿಂದಲೇ ಚಿತ್ರಿಸುವ ಅಮೂರ್ತ ಕಲೆಯ ಹಾದಿ ಹಿಡಿದ ಮಾಂಟ್ರಿಯಲ್‌ನ ಆಟೊಮಾಟಿಸ್ಟ್ ಕಲಾವಿದರು 1948ರಲ್ಲಿಯೇ ತಮ್ಮ ಪ್ರಣಾಳಿಕೆಯನ್ನು ಪ್ರಕಟಿಸಿದ್ದರು. ಟೊರಾಂಟೊದಲ್ಲಿ 1953ರಲ್ಲಿ 'ಪೇಂಟರ್ಸ್ ಇಲೆವೆನ್' ಎಂಬ ಅಮೂರ್ತ ಚಿತ್ರಕಾರರ ಗುಂಪು ರೂಪುಗೊಂಡಿತು. ನ್ಯೂಯಾರ್ಕ್ ಅಂತೂ ಅಮೂರ್ತ ಕಲೆಯ ರಾಜಧಾನಿಯೇ ಆಗಿತ್ತು. ಅಂಥ ಕಾಲದಲ್ಲಿ, ದೊಡ್ಡ ನಗರಗಳಿಂದ ದೂರ ಕುಳಿತು, ಹೆಂಡತಿ, ಮಕ್ಕಳು, ನಾಯಿ, ಕಡಲತೀರ ಇವನ್ನೇ ಅತ್ಯಂತ ನಿಧಾನವಾಗಿ ಚಿತ್ರಿಸುತ್ತಿದ್ದ ಒಬ್ಬ ಅಧ್ಯಾಪಕರು ಅಷ್ಟು ಎತ್ತರಕ್ಕೆ ಏರಿದ್ದು ಹೇಗೆ? ಅವರ ಕೃತಿಗಳಲ್ಲೇ ಏನಾದರೂ ಬದಲಾಯಿತೇ, ಅಥವಾ ನೋಡುವವರ ಅಭಿರುಚಿ ಬದಲಾಯಿತೇ? ನಾನೂ ಪಾಠ ಹೇಳಿ ಉಳಿದ ಹೊತ್ತಿನಲ್ಲಿ ಚಿತ್ರ ಬರೆಯುವವನಾದ್ದರಿಂದ ಈ ಪ್ರಶ್ನೆ ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ.

ಉತ್ತರ: ನೆರಳುಬೆಳಕು

ನಿಮ್ಮ ಪ್ರಶ್ನೆಯನ್ನು ಓದಿದರೆ, ಹದಿನೇಳು ವರ್ಷ ಅವರು ಮನ್ನಣೆಗಾಗಿ ಕಾದು ಕುಳಿತಿದ್ದರು ಎಂಬ ಭಾವನೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಏಳಿಗೆಯ ಮುಖ್ಯ ಭಾಗ ನಡೆದದ್ದೇ ಆ ಹದಿನೇಳು ವರ್ಷಗಳಲ್ಲಿ. ಆಮೇಲಿನದು ಹೊರಗಿನವರ ಕಣ್ಣಿಗೆ ಬಿದ್ದ ಭಾಗ ಮಾತ್ರ.

ಅವರು 1944ರಿಂದ ಸೈನ್ಯದ ಅಧಿಕೃತ ಯುದ್ಧ ಕಲಾವಿದರಾಗಿದ್ದರು. ಹಾಲೆಂಡಿನ ನೈಮೇಖನ್ ಬಳಿಯ ಒದ್ದೆ ರಸ್ತೆಯಲ್ಲಿ ಸಾಲಾಗಿ ನಡೆಯುವ ಕಾಲಾಳುಗಳನ್ನು ಕಂಡರು. 1945ರಲ್ಲಿ, ಆಗಷ್ಟೇ ಬಿಡುಗಡೆಯಾಗಿದ್ದ ಬೆರ್ಗನ್-ಬೆಲ್ಸನ್ ಎಂಬ ನಾಜಿ ಯಾತನಾ ಶಿಬಿರಕ್ಕೂ ಹೋಗಿ ಹೆಣಗಳ ಗುಂಡಿಯನ್ನು ಚಿತ್ರಿಸಿದರು. ಆಗಿನ ಕೆಲಸವೆಂದರೆ ಎದುರಿಗಿದ್ದುದನ್ನು ದಾಖಲಿಸುವುದು. ಯುದ್ಧ ಮುಗಿದ ಮೇಲೆ, ದಾಖಲಿಸಬೇಕೆಂದು ಯಾರೂ ಹೇಳದಿದ್ದಾಗ, ಏನನ್ನು ಚಿತ್ರಿಸಬೇಕು ಮತ್ತು ಏಕೆ ಎಂಬುದನ್ನು ಅವರು ತಾವೇ ಕಂಡುಕೊಳ್ಳಬೇಕಾಯಿತು. ಅದಕ್ಕೆ ನಾಲ್ಕು ವರ್ಷ ಹಿಡಿಯಿತು. ದಾರಿ ಸಿಕ್ಕಿದ್ದು 1950ರ 'ನ್ಯೂಡ್ ಅಂಡ್ ಡಮ್ಮಿ'ಯಲ್ಲಿ. ಮನೆಯ ಅಟ್ಟ, ಕಿಟಕಿಯ ಬಳಿ ನಿಂತು ಹಿಂದಿರುಗಿ ನೋಡುವ ನಗ್ನ ಸ್ತ್ರೀ, ಮುಂಭಾಗದಲ್ಲಿ ದರ್ಜಿಯವರು ಬಳಸುವ ತಲೆಯಿಲ್ಲದ ಬೊಂಬೆ. ಇದರಲ್ಲಿ ಯಾವ ಘಟನೆಯೂ ಇಲ್ಲ, ಆದರೂ ಏನೋ ನಡೆಯಲಿದೆ ಎಂಬ ಬಿಗುವು ಇಡೀ ಚಿತ್ರವನ್ನು ಹಿಡಿದಿಟ್ಟಿದೆ. ಜೀವವಿರುವುದನ್ನೂ ಇಲ್ಲದಿರುವುದನ್ನೂ ಎದುರುಬದುರು ನಿಲ್ಲಿಸಿ ನಡುವಿನ ಅಂತರವನ್ನು ಖಾಲಿ ಬಿಡುವ ಈ ಕ್ರಮವೇ ಮುಂದೆ ಅವರ ಕಲೆಯ ಬೆನ್ನೆಲುಬಾಯಿತು.

ಎರಡನೆಯ ಅಂಶ ರಚನೆಗೆ ಸಂಬಂಧಿಸಿದ್ದು. ಕಾಲ್ವಿಲ್ ಅವರ ಚಿತ್ರಗಳನ್ನು ಫೋಟೊ ನೋಡಿ ಬರೆದ ಚಿತ್ರಗಳೆಂದು ಅನೇಕರು ತಿಳಿಯುತ್ತಾರೆ, ಮತ್ತು ಈ ತಪ್ಪು ತಿಳಿವಳಿಕೆಯಿಂದ ಅವರಿಗೆ ಬಹಳ ಅನ್ಯಾಯವಾಗಿದೆ ಎಂದು ನಾನು ನಂಬಿದ್ದೇನೆ. ಅವರು ಮೊದಲು ಹತ್ತಾರು ಸ್ಕೆಚ್‌ಗಳನ್ನು ಬರೆಯುತ್ತಿದ್ದರು. ಅನಂತರ ಕೈವಾರ, ಕೋನಮಾಪಕ, ಅಳತೆಪಟ್ಟಿಗಳನ್ನು ಹಿಡಿದು, ಸುವರ್ಣಾನುಪಾತದಂಥ (ಉದ್ದ-ಅಗಲಗಳನ್ನು ಸುಮಾರು 1.618:1ಕ್ಕೆ ಹೊಂದಿಸುವ ಅಳತೆ) ಲೆಕ್ಕಗಳ ಆಧಾರದ ಮೇಲೆ ಇಡೀ ಚಿತ್ರತಲವನ್ನು ರೇಖಾಗಣಿತದ ಚೌಕಟ್ಟಿಗೆ ಹೊಂದಿಸುತ್ತಿದ್ದರು. ಒಂದು ಕೈಯ ಬಾಗು, ಒಂದು ಬಾಗಿಲಿನ ಅಂಚು, ದಿಗಂತದ ಗೆರೆ ಎಲ್ಲವೂ ಆ ಚೌಕಟ್ಟಿಗೆ ಬದ್ಧವಾದ ಮೇಲೆಯೇ ಬಣ್ಣ ಮುಟ್ಟುತ್ತಿದ್ದರು. ಬಣ್ಣವನ್ನೂ ಸಣ್ಣ ಕುಂಚದಿಂದ ಚುಕ್ಕಿ ಚುಕ್ಕಿಯಾಗಿ ಇಡುತ್ತಿದ್ದುದರಿಂದ ವರ್ಷಕ್ಕೆ ಮೂರೋ ನಾಲ್ಕೋ ಚಿತ್ರಗಳಷ್ಟೇ ಮುಗಿಯುತ್ತಿದ್ದವು. 1954ರ 'ಹಾರ್ಸ್ ಅಂಡ್ ಟ್ರೇನ್' ಚಿತ್ರವನ್ನು ಒಮ್ಮೆ ಈ ದೃಷ್ಟಿಯಿಂದ ನೋಡಿ. ಮುಸ್ಸಂಜೆಯಲ್ಲಿ ಎದುರಿನಿಂದ ಬರುತ್ತಿರುವ ರೈಲಿನತ್ತ ಹಳಿಗಳ ಮೇಲೆ ಓಡುತ್ತಿರುವ ಕಪ್ಪು ಕುದುರೆ. ದಕ್ಷಿಣ ಆಫ್ರಿಕಾದ ಕವಿ ರಾಯ್ ಕ್ಯಾಂಪ್‌ಬೆಲ್ ಅವರ ಎರಡು ಸಾಲುಗಳಿಂದ ಹುಟ್ಟಿದ ಚಿತ್ರವದು. ಹಳಿಗಳು ಒಂದು ಬಿಂದುವಿನತ್ತ ಸಾಗುವ ಲೆಕ್ಕ ಎಷ್ಟು ನಿಖರವಾಗಿದೆಯೆಂದರೆ, ಡಿಕ್ಕಿ ತಪ್ಪಲಾರದು ಎಂಬುದನ್ನು ಕುದುರೆಗಿಂತ, ರೈಲಿಗಿಂತ ಮೊದಲು ಆ ಗೆರೆಗಳೇ ಹೇಳಿಬಿಡುತ್ತವೆ. ಅಮೂರ್ತ ಕಲೆಯನ್ನು ಮೆಚ್ಚಿದ್ದ ಕಣ್ಣುಗಳಿಗೂ ಈ ಚಿತ್ರಗಳು ಹಳೆಯದಾಗಿ ಕಾಣದಿರಲು ಈ ಅಡಗಿದ ರಚನೆಯೇ ಕಾರಣವೆಂದು ನನಗೆ ತೋರುತ್ತದೆ.

ಉತ್ತರ: ಗ್ಯಾಲರಿಗೋಡೆ

ನೆರಳುಬೆಳಕು ಅವರು ಚಿತ್ರಗಳ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಒಳ್ಳೆಯ ಚಿತ್ರ ಬರೆದ ಮಾತ್ರಕ್ಕೆ ಯಾರೂ ಮೇಲೇರುವುದಿಲ್ಲ. ಅದನ್ನು ಕೊಂಡು ಗೋಡೆಗೆ ಹಾಕುವವರು ಬೇಕು. ಕಾಲ್ವಿಲ್ ಅವರ ವಿಷಯದಲ್ಲಿ ಈ ಬೆಂಬಲ ಮೊದಲು ಬಂದದ್ದು ಹತ್ತಿರದಿಂದಲೇ. 1951ರಲ್ಲಿ ಸೇಂಟ್ ಜಾನ್ ನಗರದ ನ್ಯೂ ಬ್ರನ್ಸ್‌ವಿಕ್ ಮ್ಯೂಸಿಯಂನಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆಯಿತು, ಮತ್ತು 'ನ್ಯೂಡ್ ಅಂಡ್ ಡಮ್ಮಿ' ಈಗಲೂ ಅದೇ ಮ್ಯೂಸಿಯಂನಲ್ಲಿದೆ. 1953 ಮತ್ತು 1955ರಲ್ಲಿ ನ್ಯೂಯಾರ್ಕಿನ ಹೆವಿಟ್ ಗ್ಯಾಲರಿ ಅವರ ಚಿತ್ರಗಳನ್ನು ಪ್ರದರ್ಶಿಸಿತು. ನ್ಯೂಯಾರ್ಕ್ ಎಂದರೆ ಅಮೂರ್ತ ಕಲೆ ಮಾತ್ರ ಎಂಬ ನಿಮ್ಮ ಮಾತಿಗೆ ಇಲ್ಲೊಂದು ತಿದ್ದುಪಡಿ ಬೇಕಾಗುತ್ತದೆ: ಆಕೃತಿಗಳನ್ನು ಬಿಡದ ಕಲಾವಿದರಿಗೂ ಅಲ್ಲಿ ಒಂದು ನೆಲೆ ಇತ್ತು, ಮತ್ತು ಆ ನೆಲೆಗಳಲ್ಲಿ ಹೆವಿಟ್ ಒಂದು. 'ಹಾರ್ಸ್ ಅಂಡ್ ಟ್ರೇನ್' 1957ರಲ್ಲಿ ಹ್ಯಾಮಿಲ್ಟನ್ ನಗರದ ಕಲಾ ಗ್ಯಾಲರಿಯನ್ನು ಸೇರಿದ್ದು ಅಲ್ಲಿನ ಉಕ್ಕಿನ ಕಾರ್ಖಾನೆಯೊಂದರ ಕೊಡುಗೆಯಾಗಿ. ಒಟ್ಟಾವಾದ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿಯೂ ಐವತ್ತರ ದಶಕದ ಹಲವು ಕೃತಿಗಳಿವೆ. ಹೀಗಾಗಿ ಕೆಲಸ ಬಿಡುವ ಹೊತ್ತಿಗೆ ಅವರು ಅಜ್ಞಾತರೇನೂ ಆಗಿರಲಿಲ್ಲ.

ನಾಣ್ಯಗಳಿಗೆ ನೀವು ಕೊಟ್ಟ ಸ್ಥಾನದ ಬಗ್ಗೆಯೂ ಎರಡು ಮಾತು ಹೇಳಬೇಕು. ಒಂದು ಸೆಂಟಿನ ಮೇಲೆ ಪಾರಿವಾಳ, ಐದರ ಮೇಲೆ ಮೊಲ, ಹತ್ತರ ಮೇಲೆ ಮ್ಯಾಕರೆಲ್ ಮೀನು, ಇಪ್ಪತ್ತೈದರ ಮೇಲೆ ಕಾಡುಬೆಕ್ಕು, ಐವತ್ತರ ಮೇಲೆ ಊಳಿಡುವ ತೋಳ, ಡಾಲರಿನ ಮೇಲೆ ಕೆನಡಾ ಹೆಬ್ಬಾತು: ಇವುಗಳಿಂದ ಅವರ ಕೆಲಸ ದೇಶದ ಪ್ರತಿಯೊಬ್ಬರ ಜೇಬಿಗೂ ತಲುಪಿತು ಎಂಬುದು ನಿಜ, ಮತ್ತು ಶತಮಾನೋತ್ಸವಕ್ಕೆ ರಾಜಲಾಂಛನಗಳ ಬದಲು ಸಾಮಾನ್ಯ ಪ್ರಾಣಿಗಳನ್ನು ಆರಿಸಿದ್ದು ಬಹಳ ಸುಂದರವಾದ ಯೋಚನೆ. ಆದರೆ ಕಲಾಲೋಕದ ಮನ್ನಣೆ ಬಂದದ್ದು ಬೇರೆ ದಾರಿಯಿಂದ, ಮುಖ್ಯವಾಗಿ ಯುರೋಪಿನಿಂದ. ವೆನಿಸ್‌ನಲ್ಲಿ ಅವರ ಜೊತೆಗಿದ್ದವರು ಅಮೂರ್ತ ಚಿತ್ರಕಾರ ಈವ್ ಗೋಶೆ ಮತ್ತು ಶಿಲ್ಪಿ ಸೊರೆಲ್ ಎಟ್ರೋಗ್. ಅದಾದ ಮೇಲೆ 1969ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ, 1970ರಲ್ಲಿ ಲಂಡನ್ನಿನ ಮಾರ್ಲ್‌ಬರೊ ಗ್ಯಾಲರಿಯಲ್ಲಿ ಪ್ರದರ್ಶನಗಳು ನಡೆದವು. ಜರ್ಮನಿಯಲ್ಲಿ ಅವರಿಗೆ ವಿಶೇಷ ಆದರ ದೊರೆಯಿತು. 1966ರ 'ಟ್ರಕ್ ಸ್ಟಾಪ್' ಇಂದು ಕಲೋನ್ ನಗರದ ಲುಡ್ವಿಗ್ ಮ್ಯೂಸಿಯಂನಲ್ಲಿದೆ. ಯುದ್ಧವನ್ನು ಅನುಭವಿಸಿದ ನೆಲದ ಜನರಿಗೆ ಆ ಚಿತ್ರಗಳ ಮೌನದ ಹಿಂದಿನ ಆತಂಕ ಬೇಗ ಅರ್ಥವಾಗಿರಬಹುದು ಎಂದು ನಾನು ಊಹಿಸುತ್ತೇನೆ. ಇದು ನನ್ನ ಊಹೆ ಮಾತ್ರ.

ಕುಂಚಪ್ರಿಯ

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಫೋಟೊ ನೋಡಿ ಬರೆದದ್ದೆಂಬ ತಪ್ಪು ತಿಳಿವಳಿಕೆ ನನಗೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಇನ್ನೊಂದು ಸಂದೇಹ ಉಳಿದಿದೆ. ನಾಲ್ಕು ಮಕ್ಕಳ ತಂದೆಯಾಗಿದ್ದ ಅವರು 1963ರಲ್ಲಿ ಖಾಯಂ ಸಂಬಳವನ್ನು ಬಿಟ್ಟದ್ದು ಚಿತ್ರಗಳ ಮೇಲೆ ಏನಾದರೂ ಪರಿಣಾಮ ಬೀರಿತೇ? ಅಥವಾ ಬೋಧನೆಯ ಕಾಲದ ಕೃತಿಗಳಿಗೂ ಅನಂತರದವುಗಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲವೇ?

ಉತ್ತರ: ಹಳೆಯ ಸ್ಕೆಚ್‌ಬುಕ್

ವ್ಯತ್ಯಾಸವಿದೆ, ಮತ್ತು ಅದು ಸಂಬಳಕ್ಕಿಂತ ಬಣ್ಣಕ್ಕೆ ಹೆಚ್ಚು ಸಂಬಂಧಿಸಿದ್ದು. ಐವತ್ತರ ದಶಕದುದ್ದಕ್ಕೂ ಅವರು ಟೆಂಪೆರಾ (ಮೊಟ್ಟೆಯ ಹಳದಿಯಂಥ ಅಂಟಿನಲ್ಲಿ ಕಲಸಿದ ಬಣ್ಣ) ಮತ್ತು ತೆಳುಪದರದ ತೈಲವರ್ಣಗಳ ನಡುವೆ ಓಡಾಡುತ್ತಿದ್ದರು. ಕೆಲಸ ಬಿಟ್ಟ 1963ರಲ್ಲಿಯೇ ಅವರು ನೀರಿನಲ್ಲಿ ಕಲಸುವ ಕೃತಕ ಅಂಟಿನ ಬಣ್ಣವಾದ ಅಕ್ರಿಲಿಕ್ ಅನ್ನು ಕೈಗೆತ್ತಿಕೊಂಡರು, ಮತ್ತೆ ಅದನ್ನು ಬಿಡಲಿಲ್ಲ. ಬೇಗ ಒಣಗುವ ಈ ಬಣ್ಣ ಪದರದ ಮೇಲೆ ಪದರ ಇಡುವ ಅವರ ತಾಳ್ಮೆಯ ಕ್ರಮಕ್ಕೆ ಚೆನ್ನಾಗಿ ಒಗ್ಗಿತು. ನನ್ನ ಕಣ್ಣಿಗೆ ಆ ಬಳಿಕದ ಚಿತ್ರಗಳಲ್ಲಿ ಬೆಳಕು ಇನ್ನಷ್ಟು ತಣ್ಣಗೆ, ಇನ್ನಷ್ಟು ಸಮನಾಗಿ ಹರಡಿದೆ. 1964ರ 'ಸ್ಕೇಟರ್' ಆ ಹೊಸ ಕಾಲದ್ದು. ಅದು ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ.

ಬೋಧನೆಯ ವರ್ಷಗಳನ್ನು ಮಾತ್ರ ದಯವಿಟ್ಟು ನಷ್ಟದ ಖಾತೆಗೆ ಬರೆಯಬೇಡಿ. ಕ್ರಿಸ್ಟೊಫರ್ ಪ್ರ್ಯಾಟ್, ಮೇರಿ ಪ್ರ್ಯಾಟ್, ಟಾಮ್ ಫಾರೆಸ್ಟಲ್ ಮೂವರೂ ಮೌಂಟ್ ಆಲಿಸನ್‌ನಲ್ಲಿ ಅವರ ವಿದ್ಯಾರ್ಥಿಗಳಾಗಿದ್ದವರು. ಅಟ್ಲಾಂಟಿಕ್ ಕರಾವಳಿಯ ವಾಸ್ತವವಾದ ಎಂದು ಇಂದು ಯಾವುದನ್ನು ಗುರುತಿಸುತ್ತೇವೆಯೋ ಅದರ ಬಹುಭಾಗ ಆ ತರಗತಿಗಳ ಮೂಲಕ ಹಾದುಬಂದದ್ದು. ಅವರಲ್ಲಿ ಮೇರಿ ಪ್ರ್ಯಾಟ್ ಅವರಿಗೂ ಹೆಸರು ಬಂದದ್ದು ನಾಲ್ಕು ಮಕ್ಕಳನ್ನು ಸಾಕುತ್ತಾ, ಸ್ವಂತ ಮನೆಯ ಅಡುಗೆಮನೆಯ ಬೆಳಕನ್ನು ಚಿತ್ರಿಸುತ್ತಾ ಮೂವತ್ತು ದಾಟಿದ ಮೇಲೆಯೇ.

ಇನ್ನೊಂದು ವಿಷಯವನ್ನು ಇಲ್ಲಿ ಯಾರೂ ಎತ್ತಿಲ್ಲ. 1942ರಲ್ಲಿ ಕಾಲ್ವಿಲ್ ಅವರನ್ನು ಮದುವೆಯಾದ ರೋಡಾ ಅವರೇ ಈ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಸ್ತ್ರೀ. 1965ರ 'ಟು ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್' ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ದೋಣಿಯ ಮೇಲೆ ನಿಂತ ಹೆಂಗಸು ದುರ್ಬೀನನ್ನು ಕಣ್ಣಿಗೆ ಹಿಡಿದು ನೇರವಾಗಿ ನಮ್ಮನ್ನೇ ನೋಡುತ್ತಾಳೆ. ಹಿಂದೆ ಕುಳಿತ ಗಂಡಸಿನ ಮುಖ ಅವಳ ಮರೆಯಲ್ಲಿದೆ. ನೋಡುವ ಕೆಲಸ ನಮ್ಮದೆಂದುಕೊಂಡು ಚಿತ್ರದ ಮುಂದೆ ನಿಂತರೆ, ನಾವೇ ನೋಡಿಸಿಕೊಳ್ಳುವವರಾಗಿಬಿಡುತ್ತೇವೆ. ನಿಮ್ಮ ಮೊದಲ ಪ್ರಶ್ನೆಯಲ್ಲಿ 'ಹೆಂಡತಿ, ಮಕ್ಕಳು, ನಾಯಿ' ಎಂದು ಬರೆದಿದ್ದೀರಲ್ಲವೇ, ಆ ವಸ್ತುಗಳನ್ನು ಬಿಟ್ಟು ಅವರು ಎಲ್ಲಿಗೂ ಹೋಗಲಿಲ್ಲ. ವೆನಿಸ್, ಹ್ಯಾನೋವರ್, ಲಂಡನ್ ಎಲ್ಲವೂ ಆದ ಮೇಲೆ, 1973ರಲ್ಲಿ, ಅವರು ನೆಲೆಸಿದ್ದು ನೋವಾ ಸ್ಕೋಷಿಯಾದ ವುಲ್ಫ್‌ವಿಲ್‌ನಲ್ಲಿ, ರೋಡಾ ಹುಟ್ಟಿದ ಮನೆಯಲ್ಲಿ.